ಬೆಕ್ಕಿನ ಕಾಲು ಮತ್ತು ಮೀನಿನ ಸೀರೆ

ಬೆಕ್ಕು ಸಾಕಬೇಕೆಂಬ ಆಸೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗಲೂ ಮೈಸೂರಿನ ಕಡೆಯ ನೆಂಟರು ಬಂದರೆ, "ನಿಮಗೆ ಮೂಕ ಪ್ರಾಣಿಗಳ ಮೇಲೆ ಬಹಳ ಪ್ರೀತಿಯಂತೆ" ಅನ್ನುತ್ತಾರೆ. ಪ್ರೀತಿ ನಮ್ಮತ್ತೆಯದು. ಕೈ ನನ್ನದು.

ಎರ್ನಾಕುಲಂನಲ್ಲಿ ಕೆಲವು ವರ್ಷ ಕಳೆದು, ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ ನಾವು ತಿರುವನಂತಪುರದ ಶ್ರೀಕಾರ್ಯಂಗೆ ಬಂದಿದ್ದೆವು. ಯಜಮಾನರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅವರು, ನಾನು, ಶಾಲೆಗೆ ಹೋಗುವ ಒಬ್ಬಳೇ ಮಗಳು, ಮತ್ತೆ ಅತ್ತೆ. ಸಂಬಳ ತಿಂಗಳ ಮೂರನೆಯ ವಾರದವರೆಗೆ ನಮ್ಮ ಜೊತೆ ನಡೆದುಬರುತ್ತಿತ್ತು, ಆಮೇಲೆ ನಾವು ಒಬ್ಬೊಬ್ಬರೇ ನಡೆಯುತ್ತಿದ್ದೆವು. ಆ ಕೊನೆಯ ವಾರದಲ್ಲಿ ಸಾರಿಗೆ ಬೇಳೆ ಕಟ್ಟು ಮಾತ್ರ. ಬೇಳೆಯನ್ನು ಮರುದಿನದ ಪಲ್ಯಕ್ಕೆ ಎತ್ತಿಡುತ್ತಿದ್ದೆ. ಬೆಕ್ಕು ಬಂದದ್ದು ಅಂಥದ್ದೇ ಒಂದು ವಾರದಲ್ಲಿ. ಬೇರೆ ಯಾವ ವಾರದಲ್ಲಿ ಬಂದೀತು?

ಮೊದಲು ನೋಡಿದವರು ಅತ್ತೆ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ತಣ್ಣೀರು ಸ್ನಾನ ಮಾಡಿ, ಮಡಿಯುಟ್ಟು, ಬಾವಿಯಿಂದ ಮಡಿನೀರು ತರುವುದು ಅವರ ಪದ್ಧತಿ. ಆಮೇಲೆ ಅವರ ಊಟ ಆಗುವವರೆಗೂ ಯಾರೂ ಅವರನ್ನು ಮುಟ್ಟುವಂತಿಲ್ಲ, ಅವರೂ ಏನನ್ನೂ ಮುಟ್ಟುವುದಿಲ್ಲ. ಆ ದಿನ ಬಾವಿಯ ಹತ್ತಿರದಿಂದ ಕೂಗು ಬಂತು.

"ಏ ಇವಳೇ, ಬಾರೇ ಬೇಗ! ಒಗೆಯೋ ಕಲ್ಲಿನ ಹಿಂದೆ ಏನೋ ಬಿದ್ದಿದೆ. ಉಸಿರಾಡ್ತಾ ಇದೆ."

ಹೋಗಿ ನೋಡಿದರೆ ಒಂದು ಬೂದು ಬಣ್ಣದ ಹೆಣ್ಣು ಬೆಕ್ಕು. ಹಿಂಗಾಲು ಒಂದು ತಿರುಚಿಕೊಂಡಿತ್ತು. ಹಿಂದಿನ ಸಂಜೆ ಮುಖ್ಯ ರಸ್ತೆಯಲ್ಲಿ ಮರಗೆಣಸು ತುಂಬಿದ ಲಾರಿಯೊಂದು ಬೆಕ್ಕಿಗೆ ಬಡಿಯಿತೆಂದು ಮಗಳು ಹೇಳಿದ್ದಳು. ಅದೇ ಇದು. ಅಷ್ಟು ದೂರ ತೆವಳಿಕೊಂಡು, ಎಷ್ಟೋ ಮೀನು ತಿನ್ನುವ ಮನೆಗಳನ್ನು ದಾಟಿ, ಇಡೀ ಬೀದಿಗೆ ಒಂದೇ ಆದ ಸಸ್ಯಾಹಾರಿ ಮನೆಯ ಹಿತ್ತಲನ್ನು ಹುಡುಕಿಕೊಂಡು ಬಂದಿತ್ತು.

ಯಜಮಾನರು ಹಲ್ಲುಜ್ಜುತ್ತಲೇ ಬಂದು ನೋಡಿ, "ಸಾಯೋ ಹಾಗಿದೆ. ಆಚೆ ಬಿಟ್ಟುಬಿಡು" ಅಂದರು.

"ಬಾಯಿ ಮುಚ್ಚೋ" ಅಂದರು ಅತ್ತೆ. "ನಮ್ಮ ಹಿತ್ತಲಲ್ಲಿ ಬೆಕ್ಕು ಸತ್ತರೆ ಪಾಪ ಯಾರಿಗೆ? ಚಿನ್ನದ ಬೆಕ್ಕು ಮಾಡಿಸಿ ಕಾಶೀಲಿ ದಾನ ಕೊಡಬೇಕಾಗತ್ತೆ. ಕೊಡ್ತೀಯಾ?"

"ಅದು ಲಾರಿಯವನು ಕೊಡಬೇಕಮ್ಮ."

"ಲಾರಿಯವನ ಕೈಲಿ ಸಾಯಲಿಲ್ಲವಲ್ಲ. ನಮ್ಮ ಮನೇಲಿ ಸತ್ತರೆ ನಮ್ಮ ಲೆಕ್ಕ."

ಯಜಮಾನರು ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿದ್ದ ಎರಡು ಬಳೆ ಬಿಟ್ಟರೆ ಮನೆಯಲ್ಲಿ ಬೇರೆ ಚಿನ್ನ ಇರಲಿಲ್ಲ. ಹೀಗೆ ಆ ಬೆಕ್ಕು ಬದುಕಲೇಬೇಕೆಂದು ತೀರ್ಮಾನವಾಯಿತು.

ತರಕಾರಿ ಬುಟ್ಟಿಯಲ್ಲಿ ಹಳೆಯ ಪಂಚೆ ಹಾಸಿ, ಬೆಕ್ಕನ್ನು ಮಲಗಿಸಿ, ಮೇಲೆ ಮೊರ ಕಟ್ಟಿ, ಬಸ್ಸಿನಲ್ಲಿ ಪಶು ಆಸ್ಪತ್ರೆಗೆ ಒಯ್ದವಳು ನಾನು. ಅಲ್ಲಿ ದನ, ಆಡು, ಒಂದೆರಡು ನಾಯಿ ಸಾಲಿನಲ್ಲಿ ನಿಂತಿದ್ದವು. ಡಾಕ್ಟರು ವಯಸ್ಸಾದವರು, ತೋಳಿನವರೆಗೂ ಏನೋ ಹಚ್ಚಿಕೊಂಡು ಒಂದು ಹಸುವಿನ ಹಿಂದಿನಿಂದ ಎದ್ದುಬಂದರು. ಬುಟ್ಟಿಯೊಳಗೆ ಇಣುಕಿದರು.

"ಯಾರ ಬೆಕ್ಕು?"

"ಯಾರದ್ದೂ ಅಲ್ಲ."

"ಪಿನ್ನೆ?" ಅಂದರು. ಮತ್ತೇಕೆ ತಂದೆ ಅನ್ನುವುದಕ್ಕೆ ಮಲಯಾಳದಲ್ಲಿ ಆ ಒಂದು ಮಾತು ಸಾಕು. ಚಿನ್ನದ ಬೆಕ್ಕಿನ ಕಥೆಯನ್ನು ನನ್ನ ಅರೆಬರೆ ಮಲಯಾಳದಲ್ಲಿ ಹೇಗೆ ಹೇಳುವುದು? ಬುಟ್ಟಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದೆ.

ಆದರೂ ಒಳ್ಳೆಯ ಮನುಷ್ಯ. ಬೈದುಕೊಂಡೇ ಎಲುಬು ಕೂಡಿಸಿ, ಎರಡು ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದರು. ತಿಂಗಳಾದರೂ ಓಡಾಡಗೊಡಬಾರದು, ಚೆನ್ನಾಗಿ ತಿನ್ನಿಸಬೇಕು, ದಿನಾ ಮೀನು ಕೊಡಿ ಅಂದರು. ಒಂದು ಸುಣ್ಣದ ಸತ್ವದ ಟಾನಿಕ್ಕನ್ನೂ ಬರೆದುಕೊಟ್ಟರು. ಔಷಧಿ ಅಂಗಡಿಯಲ್ಲಿ ಬೆಲೆ ಕೇಳಿ, ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದೆ.

"ಟಾನಿಕ್ ಯಾಕೆ?" ಅಂದರು ಅತ್ತೆ. "ಎಲೆಗೆ ಹಚ್ಚೋ ಸುಣ್ಣದ ತಿಳಿನೀರು ಮೊಸರಿಗೆ ಹಾಕಿ ಕೊಡು. ನಿನ್ನ ಗಂಡನಿಗೆ ಹಲ್ಲು ಬರೋವಾಗ ಅದನ್ನೇ ಕೊಟ್ಟಿದ್ದು."

"ಮೀನು ಕೊಡಬೇಕಂತೆ."

ಅತ್ತೆ ನಾನು ಏನೂ ಹೇಳಲೇ ಇಲ್ಲ ಎಂಬಂತೆ, "ಹಾಲನ್ನ ಕೊಡು. ಹಾಲನ್ನ ತಿನ್ನದ ಬೆಕ್ಕು ಉಂಟೇ?" ಅಂದರು.

ಉಂಟು. ಹುಟ್ಟಿದಾಗಿನಿಂದ ಮತ್ತಿ ಮೀನಿನ ತಲೆ ತಿಂದು ಬೆಳೆದ ಬೆಕ್ಕಿಗೆ ನಮ್ಮ ಹಾಲನ್ನ ಎಂದರೆ ಏನೆಂದೇ ತಿಳಿಯಲಿಲ್ಲ. ಮೂಸಿ ನೋಡಿ ಮುಖ ತಿರುಗಿಸಿತು. ಅನ್ನ ಮೆತ್ತಗಿಲ್ಲ ಅಂದರು ಅತ್ತೆ. ಮೆತ್ತಗೆ ಮಾಡಿದೆ. ಹಾಲು ನೀರಾಗಿದೆ ಅಂದರು. ನೀರಾಗದೆ ಏನು? ಮನೆಗೆ ಬರುತ್ತಿದ್ದದ್ದೇ ಅಷ್ಟು. ಅದರಲ್ಲಿ ಮಗಳಿಗೆ, ಮೊಸರಿಗೆ, ಎರಡು ಹೊತ್ತಿನ ಕಾಫಿಗೆ ಹಂಚಬೇಕಿತ್ತು. ಅತ್ತೆ ಎರಡು ದಿನ ಯೋಚಿಸಿ ತಮ್ಮ ಕಾಫಿಯ ಹಾಲನ್ನೇ ಬೆಕ್ಕಿಗೆ ಬಿಟ್ಟುಕೊಟ್ಟರು. ತಾವು ಬರೀ ಡಿಕಾಕ್ಷನ್ನಿಗೆ ಬೆಲ್ಲ ಹಾಕಿಕೊಂಡು ಕುಡಿದರು.

ತ್ಯಾಗ ದೊಡ್ಡದೇ, ಒಪ್ಪುತ್ತೇನೆ. ಆದರೆ ಹಾಲಿಲ್ಲದ ಕಾಫಿ ಕುಡಿದ ಅತ್ತೆಯ ಜೊತೆ ಬೆಳಗಿನಿಂದ ಸಂಜೆಯವರೆಗೆ ಇರಬೇಕಾದವಳು ನಾನು. ಒಗ್ಗರಣೆ ಸೀದಿದೆ, ಬಾಗಿಲು ಬಡಿಯಿತು, ಮಗಳು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ, ಇದಕ್ಕೆಲ್ಲ ಕಾರಣ ನನ್ನ ಸಡಿಲ. ಅತ್ತ ಬೆಕ್ಕು ಆ ಹಾಲನ್ನು ನಾಲ್ಕು ಸಲ ನೆಕ್ಕಿ ಬಿಡುತ್ತಿತ್ತು. ಉಳಿದದ್ದನ್ನು ಯಾರೂ ಕುಡಿಯುವಂತಿಲ್ಲ. ಕಷ್ಟಪಟ್ಟು ಉಳಿಸಿದ ಹಾಲನ್ನು ದಿನಾ ಬಾಳೆಗಿಡದ ಬುಡಕ್ಕೆ ಸುರಿಯುವಾಗ ನನಗೆ ಆಗುತ್ತಿದ್ದ ಸಂಕಟ ಬೆಕ್ಕಿಗೂ ತಿಳಿಯದು, ಅತ್ತೆಗೂ ತಿಳಿಯದು.

ಬೆಕ್ಕು ಬಡವಾಗುತ್ತ ಹೋಯಿತು. ಹಿಂದಿನ ಜಗುಲಿಯಲ್ಲಿ ಮಗುಚಿಟ್ಟ ಕೋಳಿಪಂಜರದೊಳಗೆ ಅದರ ವಾಸ. ಪಂಜರ ಕೊಟ್ಟವರು ಪಕ್ಕದ ಮನೆಯ ಚೇಚಿ, ಅಂದರೆ ಅಕ್ಕ. ನಾವು ಮೈಸೂರಿನವರೆಂದು ಎಷ್ಟು ಸಲ ಹೇಳಿದರೂ ಅವರಿಗೆ ನಮ್ಮತ್ತೆ 'ಮಾಮಿ'ಯೇ; ಸಾರನ್ನ ತಿನ್ನುವ ಎಲ್ಲ ಬ್ರಾಹ್ಮಣ ಹೆಂಗಸರೂ ಅವರಿಗೆ ತಮಿಳಿನವರು. ಒಂದು ಬೆಳಗ್ಗೆ ಗೋಡೆಯ ಮೇಲಿಂದ ಇಣುಕಿ ಪಂಜರವನ್ನು ನೋಡಿದವರು ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ಪಾವಂ! ಮಾಮಿ, ಪೂಚಯ್ಕ್ಕ್ ಮೀನ್ ಕೊಡುಕ್ಕಣಂ!"

ಬೆಕ್ಕಿಗೆ ಮೀನು ಕೊಡಬೇಕು ಅಂದದ್ದು. ಅತ್ತೆಗೆ ಮಲಯಾಳ ಬಾರದು, ಆದರೆ ಮೀನು ಎಂಬ ಮಾತು ತಿಳಿಯಿತು. "ವೇಂಡ, ವೇಂಡ" ಅಂದರು. ಬೇಡ ಎನ್ನುವ ಈ ಮಾತೊಂದನ್ನು ಅವರು ಎರ್ನಾಕುಲಂನಲ್ಲೇ ಕಲಿತಿದ್ದರು.

"ವೇಂಡ ಅಂದರೆ ಅದು ಸಾಯತ್ತೆ" ಅಂದೆ ನಾನು, ನನ್ನ ತಾಳ್ಮೆಯೂ ಮುಗಿದಿತ್ತು. "ಡಾಕ್ಟರು ಹೇಳಿದ್ದೂ ಅದೇ. ಹಾಲನ್ನ ತಿನ್ನಿಸಿ ಕೊಂದರೆ ಪಾಪ ಕಡಿಮೆಯಾಗತ್ತಾ? ನೀವೇ ಹೇಳಿ."

ಅತ್ತೆ ಒಳಗೆ ಹೋದರು. ಮಧ್ಯಾಹ್ನ ಊಟಕ್ಕೆ ಕೂತವರು ಮೊಸರನ್ನಕ್ಕೆ ಬರುವ ಹೊತ್ತಿಗೆ ಶಾಸನ ಹೊರಡಿಸಿದರು. ಮೀನು ಕೊಡಬಹುದು. ಆದರೆ ಮನೆಯೊಳಗಲ್ಲ, ಜಗುಲಿಯಲ್ಲೂ ಅಲ್ಲ, ಬಾವಿಯಿಂದಾಚೆ ಚೇಚಿಯ ಗೋಡೆಯ ಪಕ್ಕ. ಚೇಚಿ ಗೋಡೆಯ ಮೇಲಿಂದ ಹಾಕಬೇಕು, ನಮ್ಮ ಮನೆಯ ಪಾತ್ರೆ ಅದಕ್ಕೆ ಮುಟ್ಟಬಾರದು. ಬೆಕ್ಕನ್ನು ಎತ್ತಿಕೊಂಡು ಹೋಗುವವಳು ಬೇರೆ ಸೀರೆ ಉಟ್ಟು ಹೋಗಬೇಕು. ಬಂದು ಸ್ನಾನ ಮಾಡಬೇಕು. ಆಮೇಲೆ ಅಡುಗೆಮನೆ.

"ದಿನಾ?"

"ದಿನಾ ಮೀನು ಅಂತ ಡಾಕ್ಟರೇ ಹೇಳಿದರಲ್ಲ."

ಹೀಗೆ ನನಗೊಂದು ಮೀನಿನ ಸೀರೆ ಆಯಿತು. ಸೆರಗು ಹರಿದ ಹಳೆಯ ನೂಲಿನ ಸೀರೆ, ಒರೆಸುಬಟ್ಟೆ ಮಾಡೋಣವೆಂದು ಇಟ್ಟಿದ್ದದ್ದು. ಹಿಂದಿನ ಬಾಗಿಲ ಮೊಳೆಯ ಮೇಲೆ ಅದರ ಜಾಗ. ಬೆಳಗ್ಗೆ ಗಂಡನನ್ನೂ ಮಗಳನ್ನೂ ಕಳಿಸಿ, ಆ ಸೀರೆ ಸುತ್ತಿಕೊಂಡು, ದಬ್ಬೆ ಕಟ್ಟಿದ ಬೆಕ್ಕನ್ನು ಎದೆಗವಚಿ ಗೋಡೆಯ ಹತ್ತಿರ ಹೋಗುವುದು. ಚೇಚಿ ತೇಗದ ಎಲೆಯಲ್ಲಿ ಮತ್ತಿಯ ತಲೆ, ಬಾಲ ಸುರಿಯುವುದು. ಬೆಕ್ಕು ಮುದ್ದೆ ನುಂಗಿದ ಹಾಗೆ ನುಂಗುವುದು. ನಾನು ಮೂಗು ಮುಚ್ಚಿಕೊಂಡು ಕಾಯುವುದು. ಮಳೆಗಾಲ ಬೇರೆ. ಸೀರೆ ಒಣಗುತ್ತಿರಲಿಲ್ಲ, ತಲೆ ಆರುತ್ತಿರಲಿಲ್ಲ, ಹತ್ತು ಗಂಟೆಗೆ ಎರಡನೆಯ ಸ್ನಾನ ಮಾಡಿ ನನಗೆ ನೆಗಡಿ ಹಿಡಿಯಿತು. ಅತ್ತೆ ಅಡುಗೆಮನೆಯ ಹೊಸ್ತಿಲಿನಿಂದ ಕಣ್ಣಿಟ್ಟು, "ಕಾಲು ಮಡಚಬೇಡ! ದಬ್ಬೆ ಜಾರಿದೆ ನೋಡು! ಮುಳ್ಳು ಸಿಕ್ಕಿಕೊಂಡೀತು, ಬಾಯಿ ನೋಡೇ!" ಎಂದು ಕೂಗುತ್ತಿದ್ದರು.

ಚೇಚಿಗೆ ಇದೆಲ್ಲ ಬೇರೆಯೇ ಆಗಿ ಕಂಡಿತ್ತು. ದಿನಾ ಅದೇ ಸೀರೆ, ಅದೇ ಹೊತ್ತು, ಆಮೇಲೆ ತಲೆಗೆ ಸ್ನಾನ. ಒಂದು ದಿನ ದನಿ ತಗ್ಗಿಸಿ ಕೇಳಿದರು: ಇದು ಎಷ್ಟು ದಿನದ ವ್ರತ? ಗಂಡು ಮಗುವಿಗಾಗಿಯೇ? ಅಲ್ಲ ಚೇಚಿ ಎಂದು ಮಡಿ ಮೈಲಿಗೆಯನ್ನು ವಿವರಿಸಹೋದೆ. ನನ್ನ ಮಲಯಾಳ ಅಷ್ಟು ದೂರ ಹೋಗಲಿಲ್ಲ. ಅವರು ಕಣ್ಣು ಮಿಟುಕಿಸಿ, ಯಾರಿಗೂ ಹೇಳುವುದಿಲ್ಲ ಅಂದರು. ಆ ವಾರದೊಳಗೆ ಇಡೀ ಬೀದಿಯ ಹೆಂಗಸರು ನನ್ನ ಹೊಟ್ಟೆ ನೋಡಿ ನಗತೊಡಗಿದರು. ಮೀನು ಮಾರುವವಳು ನಮ್ಮ ಗೇಟಿನಲ್ಲೂ ಬುಟ್ಟಿ ಇಳಿಸಿ, ವ್ರತಕ್ಕೆಂದು ಒಂದು ಹಿಡಿ ಮೀನು ಪುಕ್ಕಟೆ ಇಟ್ಟು ಹೋದಳು. ಯಜಮಾನರು ಕಚೇರಿಯಿಂದ ಬಂದವರು, "ನನಗೆ ಗಂಡು ಮಗುವಂತೆ. ಬಸ್ ಸ್ಟಾಪಿನಲ್ಲಿ ತಿಳಿಯಿತು" ಅಂದರು. ಇವರಿಗೆ ನಗು. ನಾನು ಸೌಟು ಕುಕ್ಕಿದೆ.

ಬೆಕ್ಕಿನ ಮೈಯೇನೋ ತುಂಬಿಕೊಂಡಿತು. ಅಷ್ಟರಲ್ಲಿ ಇವರಿಗೆ ಮತ್ತೆ ಎರ್ನಾಕುಲಂಗೆ ವರ್ಗವಾಯಿತು. ಪಾಲಾರಿವಟ್ಟಂನಲ್ಲಿ ಮಹಡಿಯ ಮೇಲಿನ ಎರಡು ಕೋಣೆ ಗೊತ್ತಾಯಿತು. ಬಾಡಿಗೆ ನಮ್ಮ ಕೈಗೆ ಎಟುಕುವಂಥ ಮನೆ ಅದೊಂದೇ, ಮನೆಯವರು ಹಾಕಿದ ಷರತ್ತೂ ಒಂದೇ: ಪ್ರಾಣಿ ಕೂಡದು.

ಅತ್ತೆ ಆ ಸಂಜೆಯೇ ಗೋಡೆಯ ಹತ್ತಿರ ಹೋಗಿ ನಿಂತರು. ಚೇಚಿಯನ್ನು ಕರೆದು, ಬೆಕ್ಕಿನ ಕಡೆ ಕೈ ತೋರಿಸಿ, ಆಮೇಲೆ ಚೇಚಿಯ ಮನೆಯ ಕಡೆ ಕೈ ತೋರಿಸಿದರು. ಚೇಚಿ ತಲೆಯಾಡಿಸಿ, ತಮ್ಮ ಅಂಗಳದಲ್ಲಿ ಕಟ್ಟಿದ್ದ ಕೆಂದು ನಾಯಿಯನ್ನು ತೋರಿಸಿದರು. ಹಗಲು ಕಟ್ಟಿದ್ದರೂ ಸಂಜೆಯಾದ ಮೇಲೆ ಅದನ್ನು ಬಿಡುತ್ತಿದ್ದರು. ಆ ಹಿಂದಿನ ವರ್ಷ ಅವರ ಎರಡು ಬೆಕ್ಕುಗಳನ್ನು ಅದು ಮುಗಿಸಿತ್ತು. ಮೀನು ಹಾಕುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ, ಎಷ್ಟು ಬೇಕಾದರೂ ಹಾಕುತ್ತೇನೆ; ಆದರೆ ಗೋಡೆ ಹತ್ತಬಲ್ಲ ಬೆಕ್ಕಾಗಿರಬೇಕು, ನೆಲದಲ್ಲಿ ಕುಂಟುವ ಬೆಕ್ಕಾದರೆ ಒಂದು ದಿನ ಉಳಿಯುವುದಿಲ್ಲ ಅಂದರು. ಮಗಳು ಇದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಳು. ಕನ್ನಡ ಬರುತ್ತದೆಂದು ಅವಳು ತೋರಿಸಿಕೊಟ್ಟದ್ದು ಆವತ್ತೇ.

"ಹತ್ತತ್ತೆ ಅಂತ ಹೇಳು" ಅಂದರು ಅತ್ತೆ. "ಹೊರಡೋದರೊಳಗೆ ಹತ್ತತ್ತೆ."

ಹೊರಡುವುದಕ್ಕೆ ಎರಡು ವಾರ ಇತ್ತು. ಡಾಕ್ಟರು ದಬ್ಬೆ ಬಿಚ್ಚಿದರು. ಎಲುಬು ಕೂಡಿತ್ತು, ಆದರೆ ಕಾಲು ಕೋಲಿನಂತೆ ಬಿರುಸಾಗಿತ್ತು. "ನಡೆಯುತ್ತದೆ. ಹಾರುತ್ತದೋ ಇಲ್ಲವೋ ನಾನು ಹೇಳಲಾರೆ" ಅಂದುಬಿಟ್ಟರು.

ಅತ್ತೆ ಹೇಳಬಲ್ಲರು. ಬಾಣಂತಿ ಕೋಣೆಯಲ್ಲಿ ಕೂಸಿಗೆ ಎಣ್ಣೆ ನೀವುವ ವಿದ್ಯೆಯನ್ನು ಈಗ ಬೆಕ್ಕಿನ ಮೇಲೆ ಪ್ರಯೋಗಿಸಬೇಕೆಂದಾಯಿತು. ಹರಳೆಣ್ಣೆ ಬೆಚ್ಚಗೆ ಮಾಡಿ, ಕಾಲು ಚಾಚಿ ಕೂತು, ಕಾಲ ಮೇಲೆ ಬೆಕ್ಕನ್ನು ಮಲಗಿಸಿಕೊಂಡು ನಾನು ನೀವಬೇಕು. ಅವರು ಮಾರು ದೂರದಲ್ಲಿ ಮಣೆ ಹಾಕಿಕೊಂಡು ಕೂತು ಹೇಳಿಕೊಡಬೇಕು.

"ಮೇಲಿನಿಂದ ಕೆಳಕ್ಕೆ ಕಣೇ. ಕೆಳಗಿನಿಂದ ಮೇಲಕ್ಕಲ್ಲ. ಮೊಣಕಾಲು ಮಡಚಿ ಹೊಟ್ಟೆಗೆ ತಾಗಿಸು. ಇನ್ನೂ. ಇನ್ನೂ ಸ್ವಲ್ಪ."

"ಪರಚತ್ತೆ ಅತ್ತೆ!"

"ನಿನ್ನ ಮಗಳೂ ಕಿರುಚುತ್ತಿದ್ದಳು. ಬಿಟ್ಟೆನೇ ನಾನು?"

ನನ್ನ ಮೊಣಕೈಯವರೆಗೂ ಗೀರು. ಅಡುಗೆಗೆ ಇಟ್ಟಿದ್ದ ಅರಿಸಿನವೆಲ್ಲ ಕೈಗೆ ಹೋಯಿತು. ಸಂತೆಯಿಂದ ತಂದ ಪೆಟ್ಟಿಗೆಗಳಿಗೆ ಪಾತ್ರೆ ತುಂಬಬೇಕು, ಹಾಸಿಗೆ ಕಟ್ಟಬೇಕು, ಮಗಳ ಶಾಲೆಯ ಕೆಲಸ ಮುಗಿಸಬೇಕು, ಇದರ ನಡುವೆ ಎರಡು ಹೊತ್ತು ಬೆಕ್ಕಿಗೆ ಅಭ್ಯಂಜನ! ಸಂಜೆ ಅದನ್ನು ಒಯ್ದು ಗೋಡೆಯ ಬುಡದಲ್ಲಿ ಇಳಿಸುವುದು, ಚೇಚಿ ಮೇಲೆ ಮೀನು ಹಿಡಿದು "ವಾ, ವಾ" ಎಂದು ಕರೆಯುವುದು. ಬೆಕ್ಕು ಮೇಲೆ ನೋಡುವುದು, ಹಿಂಭಾಗವನ್ನು ಆಡಿಸುವುದು, ಇನ್ನೇನು ಹಾರಿತು ಅನ್ನುವಾಗ ಕೂತು ಕಾಲು ನೆಕ್ಕಿಕೊಳ್ಳುವುದು. ಒಂದು ಸಲ ಹಾರಿ, ಅರ್ಧಕ್ಕೆ ತಾಗಿ, ದೊಪ್ಪನೆ ಬಿತ್ತು. ಅತ್ತೆ ಆ ಸಂಜೆ ಜಪಕ್ಕೆ ಕೂತವರು ಮಣಿ ಎಣಿಸುವುದನ್ನು ಬಿಟ್ಟು ಗೋಡೆಯನ್ನೇ ನೋಡುತ್ತಿದ್ದರು.

"ಬಿಟ್ಟುಹೋಗೋಕೆ ಆಗಲ್ಲ" ಅಂದರು ಮಗನಿಗೆ.

"ಕರಕೊಂಡು ಹೋಗೋಕೂ ಆಗಲ್ಲಮ್ಮ. ಮುಂಗಡ ಕೊಟ್ಟಾಗಿದೆ. ಈ ಸಂಬಳಕ್ಕೆ ಬೇರೆ ಮನೆ ಎಲ್ಲಿ ತರಲಿ?"

"ಹಾಗಾದರೆ ನಾನು ಇದರ ಜೊತೆ ಇಲ್ಲೇ ಇರ್ತೀನಿ."

ಹೆದರಿಸಲು ಆಡಿದ ಮಾತೆಂದು ನಾನು ಮೊದಲು ಅಂದುಕೊಂಡೆ. ಅವರ ಮುಖ ನೋಡಿದ ಮೇಲೆ ಹಾಗನ್ನಿಸಲಿಲ್ಲ. ಇವರಿಗೆ ಊಟ ಮುಂದುವರಿಯಲಿಲ್ಲ, ತಟ್ಟೆಯಲ್ಲಿ ಕೈ ಒಣಗಿತು.

ಸಾಮಾನು ಸಾಗಿಸುವ ಲಾರಿ ಬರುವ ಹಿಂದಿನ ದಿನ. ಪೆಟ್ಟಿಗೆಗಳನ್ನೆಲ್ಲ ಹಿಂದಿನ ಜಗುಲಿಯಲ್ಲಿ ಒಂದರ ಮೇಲೊಂದು ಪೇರಿಸಿದ್ದೆವು. ಅಪರೂಪಕ್ಕೆ ಬಿಸಿಲು ಬಂದಿತ್ತು. ಜಗುಲಿಯ ಸೂರಿನಿಂದ ಹಗ್ಗದಲ್ಲಿ ಇಳಿಬಿಟ್ಟ ಗಳುವಿನ ಮೇಲೆ ಅತ್ತೆಯ ಮಡಿಸೀರೆ ಒಣಗುತ್ತಿತ್ತು. ಯಾರೂ ತಾಗದಷ್ಟು ಎತ್ತರದಲ್ಲಿ, ಕೋಲಿನಿಂದ ಎತ್ತಿ ಹಾಕಿ ಕೋಲಿನಿಂದಲೇ ಇಳಿಸುವಂಥದ್ದು. ಅವರ ರೇಷ್ಮೆ ಮಡಿ ಆಗಲೇ ಹಾಸಿಗೆಗಳ ಜೊತೆ ಕಟ್ಟಿಹೋಗಿತ್ತು. ಇದ್ದ ಮಡಿ ಇದೊಂದೇ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಮೈಲಿಗೆಯಾಯಿತೆಂದು ಅತ್ತೆ ಮತ್ತೆ ಸ್ನಾನಕ್ಕೆ ಹೋಗಿದ್ದರು.

ನಾನು ಬೆಕ್ಕನ್ನು ನೆಲಕ್ಕೆ ಬಿಟ್ಟು ಎಣ್ಣೆ ಬಟ್ಟಲು ತರಲು ಒಳಗೆ ಹೋದೆ. ಆಗ ಹೊರಗೆ ಸರಪಳಿ ಎಳೆದ ಸದ್ದು, ಚೇಚಿಯ ಕಿರುಚಾಟ. ನಾಯಿ ಗೂಟ ಕಿತ್ತುಕೊಂಡು, ಗೋಡೆ ಮುಗಿಯುವಲ್ಲಿನ ಬೇಲಿಯ ಸಂದಿಯಲ್ಲಿ ನುಗ್ಗಿ ನಮ್ಮ ಹಿತ್ತಲಿಗೆ ಬಂದಿತ್ತು. ನಾನು ಬಾಗಿಲಿಗೆ ಬರುವಷ್ಟರಲ್ಲಿ ಅದು ಜಗುಲಿಯ ಮೆಟ್ಟಿಲ ಮೇಲಿತ್ತು. ಬೆಕ್ಕು ಅದರ ಮೂಗಿನ ಮುಂದಿತ್ತು.

ಆಮೇಲೆ ಬೆಕ್ಕು ಅಲ್ಲಿರಲಿಲ್ಲ. ಪೆಟ್ಟಿಗೆಯ ಮೇಲೆ ಒಂದು ಸದ್ದು, ಅದರ ಮೇಲಿನ ಪೆಟ್ಟಿಗೆಯ ಮೇಲೆ ಇನ್ನೊಂದು, ಅಲ್ಲಿಂದ ಬೂದು ಬಣ್ಣದ ಒಂದು ಗೆರೆ. ನೋಡಿದರೆ ಮಡಿಗಳುವಿನ ಮೇಲೆ, ಸೀರೆಗೆ ನಾಲ್ಕು ಕಾಲಿನ ಉಗುರನ್ನೂ ಊರಿ ಹಿಡಿದು, ಬಾಲವನ್ನು ಕುಂಚದಂತೆ ಉಬ್ಬಿಸಿಕೊಂಡು ಕೂತಿತ್ತು. ಗಳು ತೂಗುತ್ತಿತ್ತು. ಕೆಳಗೆ ನಾಯಿ ಬೊಗಳುತ್ತಿತ್ತು. ನಾನು ಒನಕೆಯೆತ್ತಿ ಓಡಿಸಿದೆ. ಚೇಚಿ ಬಂದು ಸರಪಳಿ ಹಿಡಿದು ಎಳೆದುಕೊಂಡು ಹೋದರು.

ಸ್ನಾನದ ಮನೆಯ ಬಾಗಿಲು ತೆರೆಯಿತು. ಅತ್ತೆ ಒದ್ದೆ ಸೀರೆಯಲ್ಲಿ, ತಲೆಯಿಂದ ನೀರು ತೊಟ್ಟಿಕ್ಕುತ್ತ ನಿಂತಿದ್ದರು.

"ಏನದು ಗಲಾಟೆ? ಮಡಿಸೀರೆ ಇಳಿಸಿಕೊಡೇ."

ನಾನು ಮೇಲೆ ತೋರಿಸಿದೆ. ಈಗ ಏನು ಬಯ್ಗುಳ ಬರುತ್ತದೋ ಎಂದು ಕಾದೆ. ಬೆಕ್ಕು ಮುಟ್ಟಿದ ಮಡಿ ಮತ್ತೆ ಮಡಿಯಾಗಬೇಕಾದರೆ ಒಗೆದು, ಹಿಂಡಿ, ಒಣಗಬೇಕು. ಅದು ಒಣಗುವವರೆಗೂ ಅತ್ತೆಗೆ ಅಡುಗೆಯಿಲ್ಲ, ಊಟವಿಲ್ಲ.

ಅತ್ತೆ ತಲೆಯೆತ್ತಿ ನೋಡಿದರು. ಬಹಳ ಹೊತ್ತು ನೋಡಿದರು.

"ಅಷ್ಟು ಎತ್ತರಕ್ಕೆ ಹೋಯಿತೇನೇ?"

"ಹೋಯಿತು."

"ಯಾರೂ ಎತ್ತಿಡಲಿಲ್ಲವಷ್ಟೆ?"

"ಯಾರು ಎತ್ತಿಡ್ತಾರೆ ಅತ್ತೆ ಅಲ್ಲಿ? ನಾನಾ?"

ಗೋಡೆಯಾಚೆಯಿಂದ ಚೇಚಿ ಇಣುಕಿದರು. ಅತ್ತೆ ಅವರಿಗೆ ಗಳುವನ್ನು ತೋರಿಸಿ, ತಮ್ಮ ಜೀವನದಲ್ಲೇ ಮೊದಲ ಸಲ ಒಂದು ಇಡೀ ಮಲಯಾಳ ವಾಕ್ಯ ಆಡಿದರು: "ಪೂಚ ಚಾಡಿ!" ಬೆಕ್ಕು ಹಾರಿತು. ಎಲ್ಲಿ ಕಲಿತರೋ. ಚೇಚಿ ಕೈ ಮುಗಿದು, "ಮದಿ ಮಾಮಿ, ಮದಿ" ಅಂದರು. ಸಾಕು, ಇಷ್ಟು ಹಾರಿದರೆ ಸಾಕು.

ನಾನು ಕೋಲು ತೆಗೆದುಕೊಂಡು ಬೆಕ್ಕನ್ನು ಇಳಿಸಹೋದೆ.

"ಬೇಡ, ಬೇಡ. ಹೆದರಿದೆ. ತಾನಾಗೇ ಇಳೀಲಿ" ಅಂದರು ಅತ್ತೆ.

"ಸೀರೆ ಒಗೀಬೇಕಲ್ಲ? ನೀವು ಒದ್ದೇಲಿ ನಿಂತಿದೀರಿ. ಊಟ?"

"ಊಟ ಸಂಜೆಗಾಯ್ತು. ನೀನು ನೀರು ಸೇದು."

ಪೇರಿಸಿದ ಪೆಟ್ಟಿಗೆಗಳ ಕೆಳಗಿನದರಲ್ಲಿ ಬಾವಿಯ ಹಗ್ಗವನ್ನು ಕಟ್ಟಿಟ್ಟಿದ್ದೆ. ಅದನ್ನು ಮತ್ತೆ ಬಿಚ್ಚಿ, ಕೊಡಕ್ಕೆ ಕಟ್ಟಿ, ನೀರು ಸೇದಿ, ಬಕೆಟ್ ತುಂಬಿಸಿ ಗಳುವಿನ ಕೆಳಗೆ ಬಂದು ನಿಂತೆ. ಅತ್ತೆ ಬಿಸಿಲಿಗೆ ಬೆನ್ನು ಕೊಟ್ಟು, ನಡುಗುತ್ತ, ಕತ್ತು ಮೇಲೆತ್ತಿ ನಗುತ್ತಿದ್ದರು. ಬೆಕ್ಕು ಇಳಿಯಲಿಲ್ಲ. ಸೀರೆಯ ಮಡಿಕೆಯನ್ನು ಕಾಲಿನಿಂದ ಸರಿಮಾಡಿಕೊಂಡು, ಕಣ್ಣು ಮುಚ್ಚಿ ಮಲಗಿತು.